ಹೆಪ್ಪು ಕರಗಿಸೋ ಸೂಜಿ

ಹೋದ ಶುಕ್ರವಾರ ನಮ್ಮ ಓಣಿಯೊಳಗ ಅರಿಷಿಣ-ಕುಂಕುಮಕ್ಕ ಕರದಿದ್ರು. ಕೋಸಂಬರಿ ಬಟ್ಟಲಾ ಕೈಯಾಗ ಹಿಡಕೊಂಡು ಒಬ್ಬ ಕಾಕು ಅಂದ್ರು, "ಲಕ್ವಾ ಹೊಡದವರಿಗೆ ಈಗ ಯಾವುದೋ ಸೂಜಿ ಮಾಡ್ತಾರಂತಲ್ಲ, ಅದನ್ನ ಮಾಡಿದ ಮ್ಯಾಲೆ ತೆಲಿಯೊಳಗ ರಕ್ತ ಸೋರಿ ಮಂದಿ ಹೋಗ್ತಾರಂತ. ನಾನಂತೂ ಮಕ್ಕಳಿಗೆ ಹೇಳೇ ಬಿಟ್ಟೀನಿ, ನನಗೇನರ ಆದ್ರ ಅದಕ್ಕ ಮಾತ್ರ ಸಹಿ ಮಾಡಬ್ಯಾಡ್ರಿ ಅಂತ." ಬಾಜೂಕ ಕೂತಿದ್ದ ವೈನಿ, "ಏನೂ ಆಗೂದಿಲ್ರಿ, ನಮ್ಮಣ್ಣಗ ಮಾಡಿಸಿದ್ವಿ, ಮರುದಿನಾನ ಎದ್ದು ಕೂತ" ಅಂದ್ರು. ಇಬ್ಬರದೂ ಅರ್ಧರ್ಧಾ ಖರೆ. ಆದ್ರ ಅರ್ಧಾ ಖರೆ ಮಾತಿನ ಮ್ಯಾಲೆ ಇಂಥಾದ್ದನ್ನ ತೀರ್ಮಾನ ಮಾಡಲಿಕ್ಕೆ ಬರೂದಿಲ್ಲ ಅನಿಸ್ತು. ಅಲ್ಲಿ ಉಡಿ ತುಂಬೋ ಗದ್ದಲದಾಗ ಹೇಳಲಿಕ್ಕೆ ಆಗಲಿಲ್ಲ, ಅದಕ್ಕ ಇಲ್ಲಿ ಬರೀಲಿಕತ್ತೀನಿ. ನಾ ಡಾಕ್ಟರ್ ಅಲ್ಲ. ನಾಲ್ಕು ವರ್ಷದ ಹಿಂದ ನಮ್ಮ ಅತ್ತಿಯವರಿಗೆ ಅದೇ ಸೂಜಿ ಮಾಡಿದಾಗ ಕಾಗದಕ್ಕ ಸಹಿ ಹಾಕಿದಾಕಿ, ಆಮ್ಯಾಲಿನ ಇಡೀ ಒಂದು ದಿನಾ ಅವರ ಮಂಚದ ಬಾಜೂಕ ಕೂತಾಕಿ, ಅಷ್ಟ.

ಮೊದಲು ಆ ಸೂಜಿ ಏನು ಅಂತ ಹೇಳ್ತೀನಿ. ರಕ್ತ ಹೆಪ್ಪುಗಟ್ಟೋದು ಅಂತೀವಲ್ಲ, ಅದು ನಮ್ಮ ಅಡಗಿಮನಿ ಮಾತು. ಹಾಲಿಗೆ ಹೆಪ್ಪು ಹಾಕಿದ್ರ ಹೆಂಗ ಗಟ್ಟಿ ಆಗ್ತದೋ ಹಂಗ ರಕ್ತನೂ ಗಟ್ಟಿ ಆಗ್ತದ. ಅಂಥಾ ಒಂದು ಗಡ್ಡಿ ಮಿದುಳಿನ ನಾಳದಾಗ ಹೋಗಿ ಕೂತ್ರ ಮುಂದಿನ ಭಾಗಕ್ಕ ರಕ್ತ ಇಲ್ಲ, ಅಲ್ಲಿಯ ಜೀವಕೋಶ ಸಾಯಲಿಕ್ಕೆ ಸುರು ಆಗ್ತಾವ. ಮೊಸರನ್ನ ಮತ್ತ ಹಾಲು ಮಾಡೋ ವಿದ್ಯಾ ನಮಗ ಯಾರಿಗೂ ಬರೂದಿಲ್ಲ, ಈ ಔಷಧಕ್ಕ ಬರ್ತದ. ಆಲ್ಟಿಪ್ಲೇಸ್ ಅಂತ ಅದರ ಹೆಸರು. ನಮ್ಮ ರಕ್ತನಾಳದ ಗೋಡಿನ ಅಂಥಾದ್ದೊಂದು ಪದಾರ್ಥ ತಯಾರ ಮಾಡ್ತದಂತ, ಅದನ್ನ ಪ್ರಯೋಗಶಾಲಾದಾಗ ಮಾಡಿ ಹೆಚ್ಚಿನ ಪ್ರಮಾಣದಾಗ ಕೊಡ್ತಾರ. ಟೆನೆಕ್ಟಿಪ್ಲೇಸ್ ಅಂತ ಇನ್ನೊಂದದ, ಅದನ್ನ ಒಂದೇ ಸಲಕ್ಕ ಚುಚ್ಚಿ ಮುಗಸ್ತಾರ. ಹೆಪ್ಪಿನೊಳಗ ಫೈಬ್ರಿನ್ ಅನ್ನೋ ಎಳಿ ಬಲಿಯಂಗ ಹೆಣದಿರ್ತಾವ, ಈ ಔಷಧ ಆ ಎಳಿ ಕತ್ತರಸೋ ಹಂಗ ಮಾಡ್ತದ.

ತೊಂದರಿ ಇರೋದೂ ಅಲ್ಲೇನ. ಅದಕ್ಕ ಬೇಕಾದ ಹೆಪ್ಪು, ಬ್ಯಾಡಾದ ಹೆಪ್ಪು ಅಂತ ಪೂರ್ತಿ ಭೇದ ಗೊತ್ತಾಗೂದಿಲ್ಲ. ಮಿದುಳಿನ ಗಡ್ಡಿನೂ ಕರಗಸ್ತದ, ಹೊಟ್ಟಿಯೊಳಗ ಹುಣ್ಣು ಇದ್ದು ಅದರ ಮ್ಯಾಲೆ ಹೆಪ್ಪುಗಟ್ಟಿ ಮುಚ್ಚಿದ್ರ ಅದನ್ನೂ ಕರಗಸ್ತದ. ಅದಕ್ಕ ಡಾಕ್ಟರು ಸೂಜಿಗಿಂತ ಮೊದಲು ಒಂದರ ಹಿಂದೊಂದು ಪ್ರಶ್ನೆ ಕೇಳ್ತಾರ. ಇತ್ತೀಚಿಗೆ ಆಪರೇಶನ್ ಆಗೇದೇನು, ತೆಲಿಗೆ ಪೆಟ್ಟು ಬಿದ್ದದೇನು, ಮೂರು ತಿಂಗಳೊಳಗ ಲಕ್ವಾ ಹೊಡದಿತ್ತೇನು, ಹಿಂದ ಯಾವಾಗರ ಮಿದುಳಿನಾಗ ರಕ್ತ ಸೋರಿತ್ತೇನು, ಮಲದಾಗ ರಕ್ತ ಹೋಗಿತ್ತೇನು, ರಕ್ತ ತೆಳ್ಳಗ ಮಾಡೋ ಗುಳಿಗಿ ತಗೋತಾರೇನು. ಎಷ್ಟು ಪ್ರಶ್ನೆ ಕೇಳ್ತಾರಪಾ, ಲಗೂ ಔಷಧ ಕೊಡಬಾರದ ಅಂತ ನಮಗ ಸಿಟ್ಟು ಬರ್ತದ. ಆದ್ರ ಆ ಒಂದೊಂದು ಪ್ರಶ್ನೆ ಹಿಂದೂ ಎಲ್ಲೋ ಒಂದು ಕಡೆ ರಕ್ತ ಸೋರೋ ಭಯಾ ಅದ.

ನಮ್ಮ ಅತ್ತಿಯವರದು ಹಿಂಗಾತು. ಮಗಳ ಸ್ಕೂಲ್ ವ್ಯಾನ್ 7:40ಕ್ಕ ಬರ್ತಿತ್ತು. ಅವತ್ತು ಆಕಿಗೆ ಬಾಗಲದಾಗ ನಿಂತು ಟಾಟಾ ಮಾಡಿದವರು ಅವರ. ಒಳಗ ಬಂದು ಚಹಾಕ್ಕ ಸಕ್ರಿ ಹಾಕಲಿಕ್ಕೆ ಹೋದವರ ಬಲಗೈಯಿಂದ ಚಮಚಾ ಬಿತ್ತು, ಬಾಯಿ ಒಂದು ಕಡೆ ಎಳೀತು, ಏನೋ ಹೇಳಲಿಕ್ಕೆ ಹೋದ್ರು, ಬರೇ "ಅದು ಅದು" ಅಂದ್ರು. ಧಾರವಾಡದಿಂದ ಹುಬ್ಬಳ್ಳಿ 20 ಕಿಲೋಮೀಟರ್, ಮಾವನವರೂ ನಾನೂ ಕೂಡಿ ಬಾಜೂ ಮನಿಯವರ ಕಾರಿನಾಗ ಕರಕೊಂಡು ಹೋದ್ವಿ. ನಮ್ಮನಿಯವರು ಪುಣೆದಾಗ ಇದ್ರು. "ಕಡೀಕ ಚಲೋ ಇದ್ದದ್ದು ಎಷ್ಟು ಗಂಟೆಗೆ ನೋಡಿದ್ರಿ?" ಅಂತ ಮೂರು ಮಂದಿ ಬ್ಯಾರೆ ಬ್ಯಾರೆ ಬಂದು ಕೇಳಿದ್ರು. ವ್ಯಾನಿನ ಪುಣ್ಯಾ, 7:40 ಅಂತ ಹೇಳಲಿಕ್ಕೆ ಬಂತು. ಈ ಸೂಜಿ ನಾಲ್ಕೂವರಿ ತಾಸಿನೊಳಗ ಆಗಬೇಕು, ತಡಾ ಆದಷ್ಟು ಲಾಭ ಕಡಿಮಿ ಆಗ್ತಾ ಹೋಗ್ತದ. ರಾತ್ರಿ ಮಲಗಿದವರು ಮುಂಜಾನೆ ಏಳೂದ್ರಾಗ ಹಿಂಗಾಗಿದ್ರ, ಕಡೀಕ ಚಲೋ ಇದ್ದದ್ದು ಮಲಗೋ ಮುಂದ ಅಂತನ ಲೆಕ್ಕಾ. (ನಮ್ಮ ಕಡೆ ಇನ್ನೂ ಕೆಲವರು ಮೊದಲು ಪಾರಿವಾಳದ ರಕ್ತ ತಿಕ್ಕಸಲಿಕ್ಕೆ ಹೋಗ್ತಾರ. ಅಲ್ಲೇ ಎರಡು ತಾಸು ಹೋಗಿ ಬಿಡ್ತಾವ. ನಾ ಏನೂ ಅನ್ನೂದಿಲ್ಲ.)

ಸಿ.ಟಿ. ಸ್ಕ್ಯಾನ್ ಮಾಡಿದ್ರು. ಲಕ್ವಾದಾಗ ಎರಡು ಥರಾ, ಗಡ್ಡಿ ಕಟ್ಟಿ ನಾಳ ಮುಚ್ಚಿದ್ದೊಂದು, ನಾಳ ಒಡದು ರಕ್ತ ಸೋರಿದ್ದೊಂದು. ಹೊರಗಿಂದ ನೋಡಿದ್ರ ಎರಡೂ ಒಂದೇ ಥರಾ ಕಾಣಸ್ತಾವ. ಒಡದ ನಾಳಕ್ಕ ಈ ಸೂಜಿ ಮಾಡಿದ್ರ ಬೆಂಕಿಗೆ ತುಪ್ಪಾ ಸುರುವಿದಂಗ. ಮನಿಯಾಗ ಯಾರದರ ಹಾರ್ಟಿನ ಆಸ್ಪಿರಿನ್ ಗುಳಿಗಿ ಇರ್ತದ, "ಇರಲಿ ಒಂದು ನುಂಗಸೋಣ" ಅಂತೀವಲ್ಲ, ಅದೂ ಬ್ಯಾಡ ಅನ್ನೋದು ಇದಕ್ಕ. ಸ್ಕ್ಯಾನ್ ಆಗೋತನಕಾ ಅದು ಯಾವ ಥರದ್ದು ಅಂತ ಯಾರಿಗೂ ಗೊತ್ತಿರೂದಿಲ್ಲ.

ಅತ್ತಿಯವರಿಗೆ ರಕ್ತ ಸೋರಿರಲಿಲ್ಲ. ಆದ್ರ ಬಿ.ಪಿ. 196/104 ಇತ್ತು. 185/110ಕ್ಕಿಂತ ಕೆಳಗ ಇಳೀದ ಹೊರತು ಸೂಜಿ ಮಾಡೂದಿಲ್ಲ, ಬಿ.ಪಿ. ಹೆಚ್ಚಿದ್ರ ಮಿದುಳಿನಾಗ ರಕ್ತ ಸೋರೋದೂ ಹೆಚ್ಚು. ಅದನ್ನ ಇಳಿಸಲಿಕ್ಕೆ ಬ್ಯಾರೆ ಔಷಧ ಹಚ್ಚಿದ್ರು. ಆ ಇಪ್ಪತ್ತು ನಿಮಿಷದಾಗ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮಿಬ್ಬರನ್ನ ಕೂಡಿಸಿಕೊಂಡು ಹೇಳಿದ್ರು. ಅಮೆರಿಕಾದಾಗ 624 ರೋಗಿಗಳ ಮ್ಯಾಲೆ ಮಾಡಿದ ಇದರ ದೊಡ್ಡ ಪರೀಕ್ಷಾದ ಫಲಿತಾಂಶ 1995ರಾಗ ಪ್ರಕಟ ಆತು. ಔಷಧ ಕೊಟ್ಟ 100 ಮಂದಿಯೊಳಗ ಸುಮಾರು 6 ಮಂದಿಗೆ ಮಿದುಳಿನಾಗ ರಕ್ತ ಸೋರಿ ಸ್ಥಿತಿ ಬಿಗಡಾಯಿಸ್ತು, ಕೊಡದವರೊಳಗ ಅದು ಒಂದಕ್ಕಿಂತ ಕಡಿಮಿ. ಅದೇ ಮೂರು ತಿಂಗಳಿಗೆ ನೋಡಿದ್ರ, ತಮ್ಮ ಕೆಲಸಾ ತಾವ ಮಾಡಿಕೊಳ್ಳೋವಷ್ಟು ಚಲೋ ಆದವರು ಔಷಧ ಕೊಟ್ಟವರೊಳಗ 100ಕ್ಕ ಸುಮಾರು 12 ಮಂದಿ ಹೆಚ್ಚು. ಸತ್ತವರ ಸಂಖ್ಯಾ ಔಷಧ ಕೊಟ್ಟವರೊಳಗ ಹೆಚ್ಚಾಗಲಿಲ್ಲ. "ಆ ಆರು ಮಂದಿಯನ್ನೂ ಲೆಕ್ಕಕ್ಕ ಹಿಡದ ಮ್ಯಾಲೂ ಲಾಭನ ಹೆಚ್ಚು. ಆದ್ರ ನಿಮ್ಮ ಅತ್ತಿಯವರು ಆ ಆರರೊಳಗ ಬರ್ತಾರೋ ಹನ್ನೆರಡರೊಳಗ ಬರ್ತಾರೋ ಅಂತ ನಾ ಹೇಳಲಿಕ್ಕೆ ಬರೂದಿಲ್ಲ" ಅಂದ್ರು. ನನಗ ಆ ಕಡೀ ಮಾತಿನಿಂದ ಅವರ ಮ್ಯಾಲೆ ವಿಶ್ವಾಸ ಬಂತು.

ಅಷ್ಟೊತ್ತಿಗೆ ಬೆಳಗಾವಿಯಿಂದ ನಾದಿನಿ ಫೋನು. "ವೈನಿ, ನಾ ಬರೂತನಕಾ ಯಾವುದಕ್ಕೂ ಸಹಿ ಮಾಡಬ್ಯಾಡ್ರಿ. ಅವ್ವಗ ರಕ್ತ ಸೋರಿದ್ರ ಯಾರು ಜವಾಬ್ದಾರಿ?" ಆಕಿ ಮಾತಿನಾಗ ತಪ್ಪಿಲ್ಲ, ಹೆತ್ತ ಮಗಳು. ಆದ್ರ ಬೆಳಗಾವಿಯಿಂದ ಬರಲಿಕ್ಕೆ ಎರಡು ತಾಸು ಬೇಕು. ಮಾವನವರ ಕೈ ನಡಗಲಿಕತ್ತಿತ್ತು. ಪೆನ್ನು ನನ್ನ ಕಡೆ ಸರಿಸಿ, "ನೀ ಮಾಡವಾ, ಕೆಳಗ ನಾನೂ ಮಾಡ್ತೀನಿ" ಅಂದ್ರು. ಸೊಸಿ ಸಹಿ ಮಾಡಿ ಅತ್ತಿಗೆ ಕೆಟ್ಟದ್ದಾದ್ರ ಮುಂದಿನ ಮಾತು ಏನಿರ್ತದ ಅಂತ ನಿಮಗ ನಾ ಬಿಡಿಸಿ ಹೇಳಬೇಕಾಗಿಲ್ಲ. ಮಾಡಿದೆ. ನಮ್ಮನಿಯವರು ಫೋನಿನಾಗ "ಹ್ಞೂಂ" ಅಂದ್ರು.

ನರ್ಸು ಬಂದು ಮೊದಲು ಬಳಿ ತಗೀರಿ ಅಂದ್ರು. ಹಸರು ಗಾಜಿನ ಬಳಿ, ಒಂದೊಂದು ಕೈಗೆ ಒಂದೊಂದು ಡಜನ್. ಒಡೀಲಿಕ್ಕೆ ಬಿಡಲಿಲ್ಲ ನಾ. ಸುಮಂಗಲಿ ಅನ್ನೋದು ಒಂದು, ಎರಡನೇದು, ಗಾಜು ಚುಚ್ಚಿ ಗಾಯಾ ಆದ್ರ ಸೂಜಿ ಆದ ಮ್ಯಾಲೆ ಆ ರಕ್ತ ನಿಲ್ಲೂದಿಲ್ಲ ಅಂತ ಅವರ ಹೇಳಿದ್ರು. ಸಾಬೂನು ಹಚ್ಚಿ ಒಂದೊಂದ ಜಾರಿಸಿ ತಗದೆ. ಅವರು ತೂಗೋದು 58 ಕಿಲೋ. ಕಿಲೋಕ್ಕ 0.9 ಮಿಲಿಗ್ರಾಂ ಅಂತ ಲೆಕ್ಕಾ, ಒಟ್ಟು 52. ಅದರಾಗ ಹತ್ತರಲ್ಲಿ ಒಂದು ಪಾಲು ಮೊದಲು ಒಮ್ಮೆಲೆ ಚುಚ್ಚಿ, ಉಳದದ್ದನ್ನ ಒಂದು ತಾಸಿನ ತನಕಾ ಮಷೀನಿನಿಂದ ನಿಧಾನ ಬಿಟ್ರು. ಗಡಿಯಾರದಾಗ 9:45.

ಇನ್ನ ಮುಂದಿನದು ಬಾಜೂಕ ಕೂಡೋವರು ತಿಳಕೋಬೇಕಾದ್ದು. ಔಷಧ ಕೆಲವ ನಿಮಿಷದಾಗ ರಕ್ತದೊಳಗಿಂದ ಹೋಗಿ ಬಿಟ್ರೂ, ಅದು ಮಾಡಿದ ಕೆಲಸದ ಪರಿಣಾಮ ತಾಸುಗಟ್ಟಲೆ ಇರ್ತದ. ಅಪಾಯ ಎಲ್ಲಾ ಹೆಚ್ಚಾಗಿ ಮೊದಲಿನ ಒಂದು-ಒಂದೂವರಿ ದಿನದಾಗ. ಅದಕ್ಕ ಮೊದಲಿನ ಎರಡು ತಾಸು ಹದಿನೈದು ನಿಮಿಷಕ್ಕೊಮ್ಮೆ, ಆಮ್ಯಾಲಿನ ಆರು ತಾಸು ಅರ್ಧಾ ತಾಸಿಗೊಮ್ಮೆ, ಅಲ್ಲಿಂದ ಮರುದಿನದ ತನಕಾ ತಾಸಿಗೊಮ್ಮೆ ಬಿ.ಪಿ. ನೋಡ್ತಾರ, ಕೈ ಎತ್ತರಿ, ಬಾಯಿ ತಗೀರಿ, ನನ್ನ ಬೆಳ್ಳು ನೋಡ್ರಿ ಅಂತ ಪರೀಕ್ಷಾ ಮಾಡ್ತಾರ. ಮಲಗಿದವರನ್ನ ಯಾಕ ಎಬ್ಬಸ್ತೀರಿ ಅಂತ ಜಗಳಾ ತಗೀಬ್ಯಾಡ್ರಿ. ಎಬ್ಬಸಲಿಕ್ಕೆ ಬರ್ತದೋ ಇಲ್ಲೋ ಅನ್ನೋದ ಅವರಿಗೆ ಬೇಕಾದ್ದು. ಆ ಒಂದು ದಿನಾ ಆಸ್ಪಿರಿನ್ ಇಲ್ಲ, ಕುಂಡಿಗೆ-ದಂಡಿಗೆ ಚುಚ್ಚೋ ಸೂಜಿ ಇಲ್ಲ, ಆದಷ್ಟು ಮಟ್ಟಿಗೆ ಮೂಗಿನಾಗ ನಳಿ, ಮೂತ್ರದ ನಳಿ ಹಾಕೂದಿಲ್ಲ. ಬ್ರಶ್ ಹಚ್ಚಿ ಹಲ್ಲು ತಿಕ್ಕಸಬಾರದು. ನುಂಗಲಿಕ್ಕೆ ಬರ್ತದ ಅಂತ ಅವರು ಪರೀಕ್ಷಾ ಮಾಡೋತನಕಾ ಬಾಯಾಗ ಒಂದು ಗುಟುಕು ನೀರೂ ಹಾಕಬಾರದು, ತೀರ್ಥನೂ ಇಲ್ಲ. ಅತ್ತಿಯವರ ವಸಡಿನಿಂದ ಸ್ವಲ್ಪ ರಕ್ತ ಬಂತು, ಬಿ.ಪಿ. ಪಟ್ಟಿ ಬಿಗಿಯೋ ಕಡೆ ಬಲರಟ್ಟಿ ನೇರಳಿಹಣ್ಣಿನ ಹಂಗ ಕಪ್ಪಾತು. ನೋಡಿದ್ರ ಹೆದರಿಕಿ ಬರ್ತದ, ಆದ್ರ ಇವು ಸಣ್ಣ ಪೈಕಿ. ಒತ್ತಿ ಹಿಡದ್ರ ನಿಲ್ತಾವ.

ನಾ ಕೇಳೇ ಇರದಿದ್ದದ್ದು ಒಂದಾತು. ಮಷೀನಿನ ಔಷಧ ಮುಗೀಲಿಕ್ಕೆ ಹತ್ತು ನಿಮಿಷ ಇತ್ತು. ಅತ್ತಿಯವರ ತುಟಿ ಬಲಗಡೆ ದಪ್ಪ ಕಂಡ್ತು. ಬಾಯಿ ಎಳದಿತ್ತಲ್ಲ, ಹಂಗಾಗಿ ಕಾಣಸ್ತದೇನೋ ಅಂತ ಇನ್ನೊಮ್ಮೆ ನೋಡಿದೆ. ನಾಲಗಿನೂ ಬಲಗಡೆ ಉಬ್ಬಿತ್ತು. ಮೂವತ್ತು ವರ್ಷ ದಿನಾ ನೋಡಿದ ಮಾರಿ, ನನಗ ಗೊತ್ತಾಗಲಾರದೇನು? ನರ್ಸಿಗೆ ಕರದೆ. ಅವರು ಓಡಿ ಹೋಗಿ ಡಾಕ್ಟರನ್ನ ಕರಕೊಂಡು ಬಂದ್ರು. ಬಂದವರು ಮೊದಲು ಕೇಳಿದ್ದು, "ಬಿ.ಪಿ.ಗೆ ಯಾವ ಗುಳಿಗಿ ತಗೋತಾರ?" ಗುಳಿಗಿ ಹಾಳಿ ನನ್ನ ಚೀಲದಾಗನ ಇತ್ತು. ರ‍್ಯಾಮಿಪ್ರಿಲ್. "ಹ್ಞಾಂ, ಅದ" ಅಂದ್ರು.

ಆಮ್ಯಾಲೆ ತಿಳಿಸಿ ಹೇಳಿದ್ರು. ರ‍್ಯಾಮಿಪ್ರಿಲ್, ಎನಲಾಪ್ರಿಲ್ ಹಿಂಗ 'ಪ್ರಿಲ್' ಅಂತ ಮುಗಿಯೋ ಬಿ.ಪಿ. ಗುಳಿಗಿ ತಗೊಳ್ಳೋವರಿಗೆ ಈ ಸೂಜಿ ಆದಾಗ ತುಟಿ, ನಾಲಗಿ ಬಾಯೋದು ಉಳದವರಿಗಿಂತ ಹೆಚ್ಚು. ಹೆಚ್ಚಾಗಿ ಲಕ್ವಾ ಹೊಡದ ಮಗ್ಗಲಕ್ಕನ ಬಾಯ್ತದ, ಸೂಜಿ ನಡದಾಗ ಇಲ್ಲಾ ಅದಾಗಿ ಒಂದೆರಡು ತಾಸಿನಾಗ. ಬಹಳ ಮಂದಿಗೆ ತಾನ ಇಳೀತದ, ಆದ್ರ ನಾಲಗಿ ಪೂರಾ ಬಾತು ಗಂಟಲು ಮುಚ್ಚಿದ್ರ ಉಸರಿಗೆ ಸಂಚಕಾರ. ಅವತ್ತು ಔಷಧ ನಿಲ್ಲಿಸಿದ್ರು, ಅಲರ್ಜಿದೂ ಸ್ಟಿರಾಯ್ಡಿಂದೂ ಸೂಜಿ ನರದಾಗ ಕೊಟ್ರು, ಉಸರಾಟದ ನಳಿ ಹಾಕಬೇಕಾಗಬಹುದು ಅಂತ ಎಲ್ಲಾ ಸಾಮಾನು ಮಂಚದ ಬಾಜೂಕ ತಂದಿಟ್ರು. ಹಾಕೋ ಪ್ರಸಂಗ ಬರಲಿಲ್ಲ. ಎರಡು ತಾಸಿಗೆ ತುಟಿ ಇಳೀಲಿಕ್ಕೆ ಹತ್ತಿತು. ನಾದಿನಿ ಬಂದು ಮುಟ್ಟಿದಾಗ ಅತ್ತಿಯವರ ಮಾರಿ ಉಬ್ಬಿದ್ದು ಇನ್ನೂ ಪೂರಾ ಇಳದಿರಲಿಲ್ಲ. ಆಕಿ ನೋಡಿ ನನ್ನ ಕಡೆ ಒಮ್ಮೆ ನೋಡಿದ್ಲು, ಏನೂ ಅನಲಿಲ್ಲ. ಅಂದಿದ್ರ ಬೇಕಿತ್ತು ಅನಿಸ್ತು.

ಇನ್ನ ದೊಡ್ಡ ಭಯಾ, ಮಿದುಳಿನಾಗ ರಕ್ತ ಸೋರೋದು. ಅದು ಯಾಕ ಆಗ್ತದ ಅಂದ್ರ, ರಕ್ತ ಇಲ್ಲದ ಸೋತ ನಾಳದ ಗೋಡಿ ಮೆತ್ತಗಾಗಿರ್ತದ. ನಮ್ಮ ಕಡೆ ಎಂಟು ದಿನಕ್ಕೊಮ್ಮೆ ನಳಾ ಬಿಟ್ಟಾಗ ಹಳೇ ಪೈಪು ಸೀಳೂದಿಲ್ಲೇನು, ಹಂಗ. ಗಡ್ಡಿ ಕರಗಿ ರಕ್ತ ಒಮ್ಮೆಲೆ ನುಗ್ಗಿದಾಗ ಅಲ್ಲಿ ಸೋರಬಹುದು, ಮ್ಯಾಲೆ ಹೆಪ್ಪುಗಟ್ಟೋ ಶಕ್ತಿನೂ ಕಡಿಮಿ ಆಗಿರ್ತದ. ಹೊಸದಾಗಿ ತೆಲಿ ನೋವು, ವಾಂತಿ, ಬಿ.ಪಿ. ಒಮ್ಮೆಲೆ ಏರೋದು, ಮಂಪರು, ಸುಧಾರಿಸಿದ್ದ ಕೈ ಮತ್ತ ಬೀಳೋದು, ಇವು ಅದರ ಲಕ್ಷಣ. ಕಂಡ ಕೂಡಲೆ ಔಷಧ ನಡದಿದ್ರ ನಿಲ್ಲಿಸಿ ಮತ್ತ ಸಿ.ಟಿ. ಮಾಡ್ತಾರ.

ಆದ್ರ ಮಾತು ಬಾರದವರು ತೆಲಿ ನೋಯ್ತದ ಅಂತ ಹೆಂಗ ಹೇಳಬೇಕು? ಅದಕ್ಕನ ಮನಿಯವರು ಒಬ್ಬರು ಹತ್ರ ಕೂಡ್ರಿ ಅಂತ ಬಿಟ್ಟಿದ್ರು. ಅತ್ತಿಯವರಿಗೆ ತೆಲಿ ನೋತ್ರ ಕುಂಕುಮ ಹಚ್ಚೋ ಜಾಗಾ ಬೆಳ್ಳಿಲೆ ಒತ್ತಿಕೊಳ್ಳೋ ರೂಢಿ. ನಾ ಇಡೀ ದಿನಾ ಅವರ ಎಡಗೈ ಒಂದನ್ನ ನೋಡ್ತಾ ಕೂತೆ. ರಾತ್ರಿ 11ರ ಸುಮಾರಿಗೆ ಆ ಕೈ ಮ್ಯಾಲೆ ಹೋತು, ಹಣಿ ಒತ್ತಿಕೊಂಡ್ರು. ಹೇಳಿದೆ. ಮಧ್ಯರಾತ್ರಿಯಾಗ ಸ್ಕ್ಯಾನಿಗೆ ಒಯ್ದ್ರು. ಲಿಫ್ಟಿನ ಮುಂದ ನಿಂತ ಆ ಹೊತ್ತಿನಾಗ ನನ್ನ ಸಹಿ ಕಣ್ಣ ಮುಂದ ಬಂದಂಗಾತು, ಓರೆ ಬಿದ್ದಿತ್ತು ಅದು. ಸ್ಕ್ಯಾನಿನಾಗ ಏನೂ ಇರಲಿಲ್ಲ. ದಿನಕ್ಕ ನಾಲ್ಕು ಸಲಾ ಚಹಾ ಕುಡಿಯೋವರು ಮುಂಜಾನಿಂದ ಒಂದು ಗುಟುಕು ಇಲ್ಲದ ಇದ್ರು, ಅದರ ತೆಲಿನೋವು ಅಂತ ನನ್ನ ಸ್ವಂತ ಅಭಿಪ್ರಾಯ.

ಅದೇ ದಿನಾ ಆಚೀ ಮಂಚದ ಮ್ಯಾಲೆ ಗದಗ ಕಡೆಯವರು ಒಬ್ಬ ಹಿರಿಯರು ಇದ್ರು. ಅವರಿಗೂ ಅದೇ ಸೂಜಿ ಆಗಿತ್ತು. ದೊಡ್ಡ ಲಕ್ವಾ ಅಂತ ಹೇಳಿದ್ರು. ಸಂಜೀಕ ವಾಂತಿ ಮಾಡಿಕೊಂಡ್ರು, ಹಂಗನ ಮಂಪರಿಗೆ ಹೋದ್ರು. ರಕ್ತ ಸೋರಿತ್ತು. ಹೆಪ್ಪು ಮತ್ತ ಕಟ್ಟೋ ಹಂಗ ಮಾಡಲಿಕ್ಕೆ ರಕ್ತದ ಭಾಗ ತರಿಸಿ ಕೊಟ್ರು, ಓಡ್ಯಾಡಿದ್ರು, ಮೂರನೇ ದಿನಾ ಹೋದ್ರು. ಅವರ ಹೆಂಡತಿ ನನ್ನ ಕೈ ಹಿಡಕೊಂಡು, "ನಾ ಹೆಬ್ಬೆಟ್ಟು ಒತ್ತಬಾರದಾಗಿತ್ತೇನವಾ?" ಅಂದ್ರು. ಒತ್ತದಿದ್ರ ಏನಾಗ್ತಿತ್ತು ಅನ್ನೋದು ಯಾರಿಗೆ ಗೊತ್ತು? ನಾ ಅವರ ಬಾಜೂಕ ಕೂತೆ, ಬ್ಯಾರೆ ಏನೂ ಹೇಳಲಿಕ್ಕೆ ಆಗಲಿಲ್ಲ. ಏನೂ ಆಗೂದಿಲ್ಲ ಅಂತ ಯಾರರ ಹೇಳಿದಾಗೆಲ್ಲಾ ನನಗ ಆ ತಾಯಿ ನೆನಪಾಗ್ತಾರ. ಅತ್ತಿಯವರು ಇವತ್ತು ತಾವ ಬಾಳೇಕಾಯಿ ಹೆಚ್ಚೋದು ನೋಡಿದಾಗ, ಸೂಜಿನ ಬ್ಯಾಡ ಅನ್ನೋ ಕಾಕುನೂ ನೆನಪಾಗ್ತಾರ.

ಹಿರೇರು ಕೆಲವರು, "ನಮ್ಮವರಿಗೆ ಹಾರ್ಟ್ ಅಟ್ಯಾಕಿಗೆ ಇಂಥಾದ್ದ ಕೊಟ್ಟಿದ್ರು" ಅಂತಾರ. ಅದು ಸ್ಟ್ರೆಪ್ಟೊಕೈನೇಸ್ ಇದ್ದಿರಬೇಕು, ಹೆಪ್ಪು ಕರಗಸೋದ ಖರೆ, ಆದ್ರ ಬ್ಯಾರೆ. ಅದನ್ನ ಲಕ್ವಾಕ್ಕ ಕೊಟ್ಟು ನೋಡಿದ ಪರೀಕ್ಷಾಗಳನ್ನ 1990ರ ದಶಕದಾಗನ, ರಕ್ತ ಸೋರೋದು ಭಾಳ ಆತು ಅಂತ ನಡುವನ ನಿಲ್ಲಿಸಿದ್ರು. ಅದರ ಕಥಿ ಇದಕ್ಕ ಹಚ್ಚಬ್ಯಾಡ್ರಿ.

ಮರುದಿನಾ ಒಂದು ದಿನಾ ತುಂಬಿದ ಮ್ಯಾಲೆ ಮಾಡೋ ಸ್ಕ್ಯಾನಿನಾಗ ಅತ್ತಿಯವರಿಗೆ ಸತ್ತ ಭಾಗದಾಗ ಎಳ್ಳಿನಷ್ಟು ಎರಡು ಬಿಳೀ ಚುಕ್ಕಿ ಕಂಡ್ವು. ರಕ್ತನ ಅದು. ನಾದಿನಿ ಅತ್ತೇ ಬಿಟ್ಲು. ಡಾಕ್ಟರು, ಹಿಂಗ ಸಣ್ಣ ಚುಕ್ಕಿ ಬರೋದು ಸಾಕಷ್ಟು ಮಂದಿಗೆ ಆಗ್ತದ, ಸ್ಥಿತಿ ಬಿಗಡಾಯಿಸದಿದ್ರ ಇದನ್ನ ಆ ಆರು ಮಂದಿ ಲೆಕ್ಕಕ್ಕ ಹಿಡಿಯೂದಿಲ್ಲ ಅಂದ್ರು. ಆಸ್ಪಿರಿನ್ ಸುರು ಮಾಡೋದನ್ನ ಅಷ್ಟ ಮುಂದಕ್ಕ ಹಾಕಿ, ನಾಲ್ಕು ದಿನಕ್ಕ ಮತ್ತೊಂದು ಸ್ಕ್ಯಾನ್ ಮಾಡಿ, ಆಮ್ಯಾಲೆ ಕೊಟ್ರು. ರ‍್ಯಾಮಿಪ್ರಿಲ್ ಬದಲಿ ಬ್ಯಾರೆ ಗುಳಿಗಿ ಬರದ್ರು. ನಾಲಗಿ ಬಾತದ್ದನ್ನ ಡಿಸ್ಚಾರ್ಜ್ ಕಾಗದದಾಗ ಕೆಂಪಿಲೆ ಬರಸಿಕೊಂಡೀನಿ. ಗುಳಿಗಿ ಹಾಳಿ ಜೊತಿ ಅದರ ಝೆರಾಕ್ಸ್ ಒಂದು ನನ್ನ ಚೀಲದಾಗ, ಒಂದು ನಾದಿನಿ ಕಡೆ ಅದ. ಆಕಿ ತಾನಾಗೇ ಕೇಳಿ ಇಸಗೊಂಡು ಹೋದ್ಲು.

ಐದನೇ ದಿನಾ ಅತ್ತಿಯವರಿಗೆ ಮೊದಲನೇ ಪೂರಾ ಮಾತು ಬಂತು. ಮಾವನವರ ಹೆಸರಲ್ಲ, ಮೊಮ್ಮಗಳ ಹೆಸರಲ್ಲ. ತಮ್ಮ ಬರೇ ಕೈ ನೋಡಿಕೊಂಡು, "ಬಳಿ ಎಲ್ಲಿ?" ಅಂದ್ರು. ಕರವಸ್ತ್ರದಾಗ ಗಂಟು ಕಟ್ಟಿ ಇಟ್ಟಿದ್ದೆ. ಎಡಗೈಗೆ ಹನ್ನೆರಡೂ ಏರಿಸಿದೆ. ಬಲಗೈ ಇನ್ನೂ ಬಾತಿತ್ತು, ರಟ್ಟಿ ಮ್ಯಾಲಿನ ಕಪ್ಪು ಹಳದಿಗೆ ತಿರಗಿತ್ತು, ಅದಕ್ಕ ನಾಲ್ಕ ಸಾಕು ಅಂದೆ. ಅವರು ಒಪ್ಪಲಿಲ್ಲ.